ಅರಕಲಗೂಡು ಬಸ್ಸಿಗೆ ಕಾದ ಗಡಿಯಾರ

ಶಾಂತಿರಾಜಯ್ಯನವರ ಜೊತೆ ಬಸ್ಸು ಹತ್ತಿದವರು ಹೊತ್ತಿಗೆ ಸರಿಯಾಗಿ ಊರು ಸೇರಿದ್ದನ್ನು ನಾನು ಕಂಡಿಲ್ಲ. ಕಂಡಕ್ಟರು ಸೀಟಿ ಊದಿ ‘ರೈಟ್’ ಅನ್ನುವುದೇ ತಡ, ಇವರ ತಲೆ ಕಿಟಕಿಯಿಂದಾಚೆ ಬರುತ್ತಿತ್ತು. ದೂರದಲ್ಲಿ ಯಾರಾದರೂ ಕೈಚೀಲ ಹಿಡಿದು ಬಿರಬಿರನೆ ನಡೆಯುತ್ತಿದ್ದರೆ ಅವರು ಈ ಬಸ್ಸಿಗೇ ಬರುತ್ತಿದ್ದಾರೆಂದು ತೀರ್ಮಾನ ಮಾಡಿಬಿಡುತ್ತಿದ್ದರು. “ಇರಪ್ಪಾ, ಇರು, ಯಾರೋ ಬತ್ತಾವ್ರೆ!” ಎಂದು ಬಸ್ಸಿನ ತಗಡನ್ನು ಅಂಗೈಯಿಂದ ಬಡಿಯುತ್ತಿದ್ದರು. ಒಮ್ಮೆ ಹಾಸನದ ಸ್ಟ್ಯಾಂಡಿನಲ್ಲಿ ಹೀಗೇ ಒಬ್ಬ ಹೆಂಗಸಿಗಾಗಿ ಇಡೀ ಬಸ್ಸನ್ನು ನಿಲ್ಲಿಸಿದರು. ಆಕೆ ಬಂದಳು, ಬಸ್ಸಿನ ಮುಂದೆಯೇ ಹಾದುಹೋದಳು, ಎದುರಿನ ಅಂಗಡಿಯಲ್ಲಿ ಬಾಳೆಹಣ್ಣಿನ ಚೌಕಾಸಿಗೆ ನಿಂತಳು. ಕಂಡಕ್ಟರು ಇವರನ್ನು ದುರುಗುಟ್ಟಿಕೊಂಡು ನೋಡಿದ. ಇವರಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. “ಐದು ನಿಮಿಷ ಕಾಯ್ದ್ರೆ ಯಾರಪ್ಪನ ಮನೆ ಗಂಟು ಹೋಯ್ತು ಬಿಡಯ್ಯ” ಎಂದು ಸೀಟಿಗೆ ಒರಗಿ ಕೂತರು.

ಈ ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಆಗೆಲ್ಲ ನನಗೆ ನಗು ಬರುತ್ತಿತ್ತು. ಆಮೇಲೆ ಆ ಮಾತು ಕೇಳಿದರೇ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸುವ ಕಾಲವೂ ಬಂತು.

ಅವರು ಚನ್ನರಾಯಪಟ್ಟಣದ ಜೈನರು. ತಂದೆಯ ಕಾಲದಿಂದ ಬಂದ ಜವಳಿ ಅಂಗಡಿಯೊಂದಿತ್ತು, ತೊಂಬತ್ತರ ದಶಕದಲ್ಲಿ ಅದು ಮುಚ್ಚಿತು. ರೆಡಿಮೇಡ್ ಬಟ್ಟೆಯ ಹೊಡೆತಕ್ಕೆ ಮುಚ್ಚಿತು ಎಂದು ಅವರು ಹೇಳುತ್ತಿದ್ದರು. ಅವರ ಹೆಂಡತಿ ಹೇಳುತ್ತಿದ್ದುದೇ ಬೇರೆ. “ಕತ್ತರಿಸಿಕೊಂಡು ಹೋದ ಬಟ್ಟೇನ ವಾಪಸ್ ತಂದುಕೊಟ್ರೂ ತಗೊಳೋರು ಕಣಮ್ಮ. ಇಲ್ಲ ಅನ್ನೋಕೆ ಇವರಿಗೆ ನಾಲಿಗೆನೇ ಏಳಲ್ಲ” ಎಂದು ಆಕೆ ನನ್ನೆದುರಿಗೇ ಆಡಿದಾಗ ಇವರು ತಲೆ ತಗ್ಗಿಸಿ ನಗುತ್ತಿದ್ದರು. ಅಂಗಡಿ ಹೋದ ಮೇಲೆ ಪೋಸ್ಟಾಫೀಸಿನ ಉಳಿತಾಯದ ಏಜೆಂಟರಾಗಿ ಮನೆಮನೆ ಸುತ್ತಿದರು. ಎರಡು ಸಾವಿರದ ಇಸವಿ ದಾಟಿ ಪೋಸ್ಟಾಫೀಸಿನ ಬಡ್ಡಿ ಇಳಿಯತೊಡಗಿದಾಗ, ಮ್ಯೂಚುಯಲ್ ಫಂಡಿನ ಏಜೆನ್ಸಿ ಹಿಡಿದು ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯ ಮೇಲೆ ಒಂದು ಆಫೀಸು ಮಾಡಿದರು.

ಬಿಳಿ ಅರ್ಧತೋಳಿನ ಅಂಗಿ, ಹಣೆಯ ಮೇಲೆ ಸಣ್ಣಗೆ ಗಂಧ. ಜೇಬಿನಲ್ಲಿ ಪೆನ್ನಿನ ಪಕ್ಕ ಮಡಿಸಿಟ್ಟ ಒಂದು ತುಂಡು ಬಟ್ಟೆ. ನೀರನ್ನು ಸೋಸದೆ ಅವರು ಕುಡಿಯುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ಹಣ್ಣನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಸಂಜೆ ಬೆಳಕಿರುವಾಗಲೇ ಊರು ಸೇರುವ ಬಸ್ಸನ್ನು ಹಿಡಿಯುವುದು ಅವರಿಗೆ ವ್ರತದಷ್ಟೇ ಮುಖ್ಯ. ಆದರೂ ಆ ಬಸ್ಸನ್ನೂ ಅವರು ಕಂಡವರಿಗೆಲ್ಲ ನಿಲ್ಲಿಸುತ್ತಿದ್ದರು, ಕೆಲವು ದಿನ ಊಟ ತಪ್ಪಿಸಿಕೊಂಡು ಮಲಗುತ್ತಿದ್ದರು.

ನಾನು ಸೇರಿದ್ದು ಆ ಆಫೀಸಿನ ಕೌಂಟರಿಗೆ. ಹೊಳೆನರಸೀಪುರದಿಂದ ದಿನಾ ಬಂದುಹೋಗುತ್ತಿದ್ದೆ. ನಮ್ಮ ತಂದೆ ಅರ್ಚಕರು. ಪೂಜೆಗೆಂದು ಸರ್ಕಾರ ಕೊಡುವ ತಸ್ತೀಕು ಬಂದಾಗ ಬಂತು, ಇಲ್ಲದಾಗ ಇಲ್ಲ. ತಟ್ಟೆಗೆ ಬೀಳುವ ಚಿಲ್ಲರೆಯಲ್ಲಿ ಸಂಸಾರ ನಡೆಯುವಂತಿರಲಿಲ್ಲವಾದ್ದರಿಂದ ಮನೆ ನನ್ನ ಸಂಬಳದ ಮೇಲೆ ನಿಂತಿತ್ತು. ಅದರ ಮೇಲೆ ನಾನು ಹುಟ್ಟಾ ಪುಕ್ಕಲು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದು ಮತ್ತೆ ಹತ್ತಿ ನೋಡಿಬರುವವಳು. ಇಂಥವಳ ಕೈಗೆ ಅವರು ಮೂರು ಗಂಟೆಯ ಕೆಲಸ ಕೊಟ್ಟರು.

ಮೂರು ಗಂಟೆ ಅಂದರೆ ಏನೆಂದು ಹೇಳಬೇಕು. ಫಂಡು ಅಂದರೆ ಸಾವಿರಾರು ಜನರ ದುಡ್ಡನ್ನು ಒಂದೇ ಕಡೆ ಸೇರಿಸಿ ಷೇರು ಕೊಳ್ಳುವುದು. ಅದರ ಒಂದೊಂದು ಪಾಲಿಗೂ ದಿನಾ ಸಂಜೆ ಬೆಲೆ ಕಟ್ಟುತ್ತಾರೆ. ಮೂರು ಗಂಟೆಯೊಳಗೆ ಅರ್ಜಿ ಕೊಟ್ಟವರಿಗೆ, ಕೊಳ್ಳುವುದಾಗಲಿ ಮಾರುವುದಾಗಲಿ, ಆ ದಿನದ ಬೆಲೆ. ಆಮೇಲೆ ಕೊಟ್ಟವರಿಗೆ ಮರುದಿನದ ಬೆಲೆ. ಅರ್ಜಿ ಯಾವಾಗ ಬಂತೆಂದು ಸಾಕ್ಷಿ ಹೇಳುವುದಕ್ಕೆ ಕಂಪನಿಯವರು ಒಂದು ಯಂತ್ರ ಇಟ್ಟಿದ್ದರು. ಅರ್ಜಿಯ ಮೂಲೆಯನ್ನು ಅದರ ಬಾಯಿಗೆ ಕೊಟ್ಟರೆ ಖಟ್ ಎಂದು ತಾರೀಕು, ಗಂಟೆ, ನಿಮಿಷ ಒತ್ತಿಬಿಡುತ್ತಿತ್ತು. ಹಳೇ ಯಂತ್ರ. ಕರೆಂಟು ಹೋದರೆ ಅದರೊಳಗಿನ ಗಡಿಯಾರವೂ ನಿಂತುಬಿಡುತ್ತಿತ್ತು, ಬಂದಮೇಲೆ ಕೀಲಿ ತೆಗೆದು ವೇಳೆ ಸರಿಮಾಡಬೇಕಿತ್ತು. ಕೀಲಿ ಶಾಂತಿರಾಜಯ್ಯನವರ ಜನಿವಾರದಲ್ಲಿತ್ತು.

ನಮ್ಮ ಗಿರಾಕಿಗಳಲ್ಲಿ ಅವರಿಗೆ ತುಂಬ ಬೇಕಾದವರು ಅರಕಲಗೂಡಿನ ಕಡೆಯ ಮೇಷ್ಟ್ರುಗಳು. ಪೋಸ್ಟಾಫೀಸಿನ ಕಾಲದಿಂದ ಇವರನ್ನು ನಂಬಿಕೊಂಡವರು. ಅವರಲ್ಲಿ ಪುಟ್ಟಸ್ವಾಮಿ ಮೇಷ್ಟ್ರು ಎಂಬುವರು ಎಲ್ಲರ ಅರ್ಜಿಗಳನ್ನೂ ಒಟ್ಟುಮಾಡಿಕೊಂಡು, ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಬಸ್ಸು ಹೊತ್ತಿಗೆ ಬಂದರೆ ಎರಡೂವರೆಗೆ ನಮ್ಮ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು. ಬರದಿದ್ದರೆ ಶಾಂತಿರಾಜಯ್ಯನವರು ಕಿಟಕಿಗೂ ಕುರ್ಚಿಗೂ ಓಡಾಡುತ್ತಿದ್ದರು.

ಒಮ್ಮೆ ಹೊಸ ಫಂಡೊಂದಕ್ಕೆ ಅರ್ಜಿ ಹಾಕಲು ಕಡೇ ದಿನ. ಮೂರು ಗಂಟೆಗೆ ಮುಗಿಯಬೇಕು. ಎರಡೂಮುಕ್ಕಾಲಿಗೆ ಕರೆಂಟು ಹೋಯಿತು. ಬಸ್ಸು ಬಂದಿರಲಿಲ್ಲ. ಮೂರು ದಾಟಿ ಎಷ್ಟೋ ಹೊತ್ತಾದ ಮೇಲೆ ಪುಟ್ಟಸ್ವಾಮಿ ಮೇಷ್ಟ್ರು ಏದುಸಿರು ಬಿಡುತ್ತಾ ಹತ್ತಿ ಬಂದರು. “ಸಾ, ಆಗೋಯ್ತಾ ಸಾ? ದಾರೀಲಿ ಟೈರ್ ಓಯ್ತು. ಎಲ್ಲರೂ ದುಡ್ಡು ಒಂಚಿಕೊಟ್ಟವ್ರೆ, ನಾನೇನ್ ಮಖ ಇಟ್ಕೊಂಡು ಓಗ್ಲಿ?” ಅಂದರು. ಅಷ್ಟರಲ್ಲಿ ಕರೆಂಟು ಬಂತು. ಯಂತ್ರದಲ್ಲಿ ಇನ್ನೂ ಎರಡೂಮುಕ್ಕಾಲು. ಶಾಂತಿರಾಜಯ್ಯನವರು ಯಂತ್ರವನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಅರ್ಜಿಗಳನ್ನೆಲ್ಲ ಖಟ್ ಖಟ್ ಎಂದು ಒತ್ತಿದರು. “ಬಾಹುಬಲಿಸ್ವಾಮಿನೇ ಕರೆಂಟು ತೆಗ್ದಿದ್ದು ಕಣಮ್ಮ” ಎಂದು ನನಗೆ ಹೇಳಿದಾಗ ಅವರ ಕಣ್ಣಲ್ಲಿ ನೀರಿತ್ತು. ನಿಜ ಹೇಳಬೇಕೆಂದರೆ ನನಗೂ ಸಂತೋಷವಾಯಿತು. ಹೊಸ ಫಂಡಾದ್ದರಿಂದ ಎಲ್ಲರಿಗೂ ಒಂದೇ ಬೆಲೆ, ಅದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ.

ಮುಂದಿನ ಸಲ ಬಸ್ಸು ತಡವಾದಾಗ ಕರೆಂಟು ಹೋಗಲಿಲ್ಲ. ಶಾಂತಿರಾಜಯ್ಯನವರು ಗೋಡೆ ಗಡಿಯಾರ ನೋಡಿದರು, ಎದ್ದುಹೋಗಿ ಯಂತ್ರದ ಸ್ವಿಚ್ಚನ್ನು ತಾವೇ ಆರಿಸಿದರು.

“ಸಾರ್, ಇದು...” ಅಂದೆ.

“ಬಸ್ ಬರ್ಲಿ ಕಣಮ್ಮ. ಪಾಪ, ಅಷ್ಟು ದೂರದಿಂದ ಬರ್ತಾರೆ. ದುಡ್ಡು ತಂದ ದಿನದ ಬೆಲೆ ಅವರಿಗೆ ಸಿಗ್ಲಿ. ಐದು ನಿಮಿಷ ಕಾಯ್ದ್ರೆ ಯಾರಪ್ಪನ ಮನೆ ಗಂಟು?”

ಹಾಗೆ ಗಡಿಯಾರ ಬಸ್ಸಿಗೆ ಕಾಯುವುದು ನಮ್ಮ ಆಫೀಸಿನಲ್ಲಿ ರೂಢಿಯಾಯಿತು. ಬಸ್ಸು ಬಂದಮೇಲೆ ಸ್ವಿಚ್ಚು ಹಾಕಿ, ಅರ್ಜಿ ಒತ್ತಿ, ಕೀಲಿ ತಿರುಗಿಸಿ ವೇಳೆ ಸರಿಮಾಡಿಡುತ್ತಿದ್ದರು. ನಾನಂತೂ ಆ ಹೊತ್ತಿನಲ್ಲಿ ಯಂತ್ರದ ಕಡೆ ನೋಡದೆ ಮೆಟ್ಟಿಲ ಸದ್ದಿಗೇ ಕಿವಿಕೊಟ್ಟು ಕೂತಿರುತ್ತಿದ್ದೆ. ಮೇಷ್ಟ್ರದಲ್ಲದ ಹೆಜ್ಜೆ ಕೇಳಿದರೆ ರಿಜಿಸ್ಟರು ತೆರೆದು ಏನೋ ಬರೆಯುವಂತೆ ಬಗ್ಗಿಬಿಡುತ್ತಿದ್ದೆ.

ಅಂಥದೇ ಒಂದು ಮಧ್ಯಾಹ್ನ ಹತ್ತಿ ಬಂದವರು ವೆಂಕಟೇಶ್. ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪು ಹಿಡಿಯುವ ವ್ಯಾಪಾರಿ, ಹಾಸನದಲ್ಲಿ ಮನೆ. ನಮ್ಮಲ್ಲಿ ಅವರಷ್ಟು ದೊಡ್ಡ ಗಿರಾಕಿ ಬೇರೆ ಯಾರೂ ಇರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು, ಅದರ ಹಿಂದೆ ನಮ್ಮ ಯಂತ್ರವೂ ನಿಂತಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕಾಗುತ್ತಾ ಬಂದಿತ್ತು. ಷೇರುಪೇಟೆ ಮುಚ್ಚಿದ ಮೇಲೆ ದೆಹಲಿಯಿಂದ ಯಾವುದೋ ಕೆಟ್ಟ ಸುದ್ದಿ ಹೊರಬಿದ್ದಿತ್ತು. ಬೆಳಿಗ್ಗೆ ಬೆಲೆ ಬೀಳುವುದು ಖಂಡಿತ ಎಂದು ಅವರಿಗೆ ಫೋನಿನಲ್ಲಿ ಯಾರೋ ಹೇಳಿದ್ದರು. ತಮ್ಮ ಪಾಲನ್ನೆಲ್ಲ ಮಾರುವ ಅರ್ಜಿಯನ್ನು ಮೇಜಿನ ಮೇಲಿಟ್ಟು, ಯಂತ್ರದ ಕಡೆ ಕಣ್ಣು ಹಾಯಿಸಿ ನಕ್ಕರು. ಗಡಿಯಾರ ಬಸ್ಸಿಗೆ ಕಾಯುವ ಸುದ್ದಿ ಹೇಗೋ ಅವರ ಕಿವಿಗೂ ಬಿದ್ದಿತ್ತು.

“ನಿಂತಿದೆಯಲ್ಲ ಸಾ. ಮೇಷ್ಟ್ರುಗಳ ಅರ್ಜಿ ಜೊತೆ ನಂದೂ ಒಂದು ಹೊಡೀರಿ.”

“ಅವರ ಬಸ್ ಕೆಟ್ಟೋಗಿದೆ, ಅದಕ್ಕೆ...” ಎಂದು ಶಾಂತಿರಾಜಯ್ಯನವರು ತಡವರಿಸಿದರು.

“ನನ್ ಕಾರೂ ಕೆಟ್ಟೋಗಿತ್ತು ಅನ್ಕೊಳಿ. ಬಸ್ಸಲ್ಲಿ ಬರೋರಿಗೊಂದು ನ್ಯಾಯ, ಕಾರಲ್ಲಿ ಬರೋರಿಗೊಂದು ನ್ಯಾಯವಾ ಸಾ? ನೀವು ಅಂಗೆಲ್ಲ ಮಾಡೋರಲ್ಲ.”

ಒಬ್ಬರಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಇಲ್ಲ ಎನ್ನುವುದು ಶಾಂತಿರಾಜಯ್ಯನವರ ಪ್ರಕಾರ ಪಂಕ್ತಿಭೇದ. ಸ್ವಿಚ್ಚು ಹಾಕಿ ಒತ್ತಿಯೇ ಬಿಟ್ಟರು. ಅರ್ಜಿಯ ಮೇಲೆ ಎರಡು ಗಂಟೆ ಐವತ್ತೈದು ನಿಮಿಷ ಎಂದು ಮೂಡಿತು.

ಮರುದಿನ ಪೇಟೆ ದಡದಡನೆ ಬಿತ್ತು. ವೆಂಕಟೇಶ್ ಅವರಿಗೆ ಹಿಂದಿನ ದಿನದ ಬೆಲೆಯೇ ಸಿಕ್ಕಿತು. ಸಿಹಿ ಕಳಿಸಿದರು. ಶಾಂತಿರಾಜಯ್ಯನವರು ಡಬ್ಬಿಯನ್ನು ತೆರೆಯದೆ ಕಪಾಟಿನ ಮೇಲಿಟ್ಟರು. ಆ ಸಂಜೆ ಬಸ್ಸಿಗೆ ಹೊರಟವರು ಬಾಗಿಲ ಬಳಿ ನಿಂತು, “ವಿಜಯಮ್ಮ, ಅವರು ನಷ್ಟದಿಂದ ಬಚಾವಾದ್ರಲ್ಲ, ಆ ನಷ್ಟ ಎಲ್ಲಿಗೆ ಹೋಯ್ತು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕಂಪನಿಗೆ ಹೋಗಿರಬಹುದು ಅಂದೆ. “ಕಂಪನಿಗಾ? ಸರಿ ಬಿಡು” ಅಂದರಾದರೂ ಅವರ ಮುಖ ಸರಿಯಾಗಿರಲಿಲ್ಲ.

ಒಂದು ಸಲ ರುಚಿ ಹತ್ತಿದವರು ಬಿಡುತ್ತಾರೆಯೇ? ವೆಂಕಟೇಶ್ ಬರತೊಡಗಿದರು. ಬಸ್ಸು ಸರಿಯಾಗಿ ಬಂದ ದಿನವೂ ಬರತೊಡಗಿದರು. ಆಗ ಯಂತ್ರ ನಿಂತಿರುತ್ತಿರಲಿಲ್ಲ, ಜನಿವಾರದಿಂದ ಕೀಲಿ ಹೊರಬರಬೇಕಾಗುತ್ತಿತ್ತು. ಪ್ರತಿ ಸಲವೂ ಶಾಂತಿರಾಜಯ್ಯನವರು “ಇದೊಂದ್ಸಲ” ಅನ್ನುತ್ತಿದ್ದರು. ವೆಂಕಟೇಶ್ ಕೂಡ “ಇದೊಂದ್ಸಲ” ಅನ್ನುತ್ತಿದ್ದರು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಮ್ಮ ದೃಷ್ಟಿ ತೆಗೆದಳು. ಒಂದು ದಿನ ಧೈರ್ಯ ಮಾಡಿ, “ಸಾರ್, ಇನ್ನು ಆಗಲ್ಲ ಅಂತ ಹೇಳಿಬಿಡಿ” ಅಂದೆ. ಅವರು ನೀರು ಸೋಸುತ್ತಿದ್ದವರು ಬಟ್ಟೆಯನ್ನು ಹಿಂಡಿ ಹಿಂಡಿ ಒಣಗಿಸಿದರು. “ಹೇಳ್ಬೇಕು ಕಣಮ್ಮ. ಬಾಯಿವರೆಗೂ ಬರುತ್ತೆ. ಆಮೇಲೆ ಅವರ ಮುಖ ನೋಡಿದ್ರೆ ಒಳಕ್ಕೆ ಹೋಗ್ಬಿಡುತ್ತೆ” ಅಂದರು.

ಕಡೆಗೆ ಬೆಂಗಳೂರಿನಿಂದ ಕಂಪನಿಯ ಅಧಿಕಾರಿ ಬಂದರು. ಹಾಸನದಲ್ಲಿ ಒಬ್ಬರೇ ಗಿರಾಕಿ ಪ್ರತಿ ಸಲ ಬೆಲೆ ಬೀಳುವ ಹಿಂದಿನ ದಿನವೇ ಮಾರುತ್ತಾರೆ, ಅದೂ ಮೂರಕ್ಕೆ ಐದು ನಿಮಿಷ ಇರುವಾಗಲೇ. ಬೆಂಗಳೂರಿನಲ್ಲಿ ಕೂತವರ ಅನುಮಾನಕ್ಕೆ ಅಷ್ಟು ಸಾಕಾಗಿತ್ತು. ಅಧಿಕಾರಿ ಚಿಕ್ಕ ವಯಸ್ಸಿನವರು, ಬಹಳ ಸಭ್ಯರು. ಒಳಗಿನ ಕೋಣೆಯಲ್ಲಿ ಕೂತರು. ಹಲಗೆಯ ಮರೆ ಅಷ್ಟೇ, ಅವರ ಮಾತು ನನಗೆ ಪೂರ್ತಿ ಕೇಳಿಸುತ್ತಿತ್ತು.

ಶಾಂತಿರಾಜಯ್ಯನವರು ಏನನ್ನೂ ಮುಚ್ಚಿಡಲಿಲ್ಲ. ಬಸ್ಸು, ಮೇಷ್ಟ್ರು, ಸ್ವಿಚ್ಚು, ಕೀಲಿ, ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ, ತಿಂಗಳುಗಳಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನೇ ಕೇಳಿದರು. “ಆ ನಷ್ಟ ಎಲ್ಲಿಗೆ ಹೋಯ್ತು ಸಾರ್? ನಿಮ್ಮ ಕಂಪನಿಗೆ ತಾನೆ?”

“ಕಂಪನಿಗೆ ಯಾಕೆ ಬರುತ್ತೆ ಸಾರ್? ಫಂಡಲ್ಲಿ ಉಳಿದುಕೊಂಡೋರ ಪಾಲಿಂದ ಹೋಗುತ್ತೆ. ಅವರಿಗೆ ಗೊತ್ತೂ ಆಗಲ್ಲ.”

“ಉಳಿದುಕೊಂಡೋರು ಅಂದ್ರೆ... ಮೇಷ್ಟ್ರುಗಳು?”

“ಅವರೂ ಸೇರಿದಂಗೆ.”

ಆಮೇಲೆ ಅಧಿಕಾರಿಯೇ ದನಿ ತಗ್ಗಿಸಿ ಶುರುಮಾಡಿದರು. ಇಂಥದ್ದು ಎಲ್ಲ ಕಡೆ ನಡೆಯುತ್ತದೆ, ಸಿಕ್ಕಿಬೀಳಬಾರದಿತ್ತು ಅಷ್ಟೇ. ವೆಂಕಟೇಶ್ ದೊಡ್ಡ ಗಿರಾಕಿ, ಅವರನ್ನು ಕಳೆದುಕೊಳ್ಳುವುದು ಕಂಪನಿಗೆ ಬೇಕಿಲ್ಲ. ನಿಮ್ಮ ಏಜೆನ್ಸಿ ಹೋಗುವುದೂ ಬೇಕಿಲ್ಲ. “ಯಂತ್ರ ದಿನಾ ನೋಡ್ಕೊಳೋದು ಆ ಹುಡುಗಿ ತಾನೆ? ಹೊಸಬಳು, ಕರೆಂಟ್ ಹೋದಾಗ ಟೈಮ್ ಸರಿಮಾಡೋಕೆ ಬರ್ತಿರ್ಲಿಲ್ಲ, ತಪ್ಪು ಸ್ಟಾಂಪ್ ಹಾಕಿದ್ಲು ಅಂತ ಬರೆದುಕೊಡಿ. ಅವಳನ್ನ ತೆಗೆದುಬಿಡಿ. ಇಲ್ಲಿಗೇ ಮುಗಿಸೋಣ.”

ನನ್ನ ಕೈಯಲ್ಲಿದ್ದ ಗುಂಡುಸೂಜಿ ಡಬ್ಬಿ ಕೆಳಗೆ ಬಿತ್ತು. ಕೆಲಸ ಹೋಗುವುದಿರಲಿ, ದುಡ್ಡಿನ ವಿಷಯದಲ್ಲಿ ಹೆಸರು ಕೆಟ್ಟ ಹುಡುಗಿಯನ್ನು ಹಾಸನದಲ್ಲಿ ಇನ್ಯಾರು ಕೌಂಟರಿನಲ್ಲಿ ಕೂರಿಸುತ್ತಾರೆ? ಅಪ್ಪ ಮಂಗಳಾರತಿ ತಟ್ಟೆ ಹಿಡಿದು ಜನರ ಮುಂದೆ ಹೇಗೆ ಹೋಗುತ್ತಾರೆ? ಇದೆಲ್ಲದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಬೇರೆ. ಕತ್ತರಿಸಿದ ಬಟ್ಟೆಯನ್ನೂ ವಾಪಸ್ ತೆಗೆದುಕೊಳ್ಳುತ್ತಿದ್ದ ಮನುಷ್ಯ ಇವರು. ಎದುರಿಗೆ ಕೂತವರು ಏನು ಕೇಳಿದರೂ ಇಲ್ಲ ಅಂದವರಲ್ಲ. ಈಗ ಎದುರಿಗೆ ಕೂತಿರುವವರು ಆ ಅಧಿಕಾರಿ, ನಾನು ಮರೆಯಲ್ಲಿದ್ದೆ.

ಶಾಂತಿರಾಜಯ್ಯನವರು ಕುರ್ಚಿ ಸರಿಸಿ ಎದ್ದ ಸದ್ದು ಕೇಳಿತು. “ಒಂದೈದು ನಿಮಿಷ ಸಾರ್” ಎಂದು ಹೊರಗೆ ಬಂದರು. ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು. ಕೆಳಗೆ ಬಸ್ಸುಗಳ ಸದ್ದು. ನನ್ನನ್ನು ನೋಡಲಾಗದೆ ಹೋದರು, ಅಂದಮೇಲೆ ಒಪ್ಪಿಕೊಂಡಿದ್ದಾರೆ ಎಂದೇ ನನಗನ್ನಿಸಿತು. ಮೇಜಿನ ಡ್ರಾಯರಿನಲ್ಲಿದ್ದ ನನ್ನ ಊಟದ ಡಬ್ಬಿ, ಛತ್ರಿ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಕೂತೆ. ಅಮ್ಮನಿಗೆ ಯಾವ ಮಾತಿನಿಂದ ಶುರುಮಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಅವರು ಮುಖ ತೊಳೆದುಕೊಂಡು ಬಂದರು. ಹಣೆಯ ಗಂಧ ಅಳಿಸಿಹೋಗಿತ್ತು. ಒಳಗೆ ಹೋಗಿ ಕೂರದೆ ನಿಂತೇ ಹೇಳಿದರು.

“ಆಗಲ್ಲ ಸಾರ್.”

ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ಯೋಚನೆ ಮಾಡಿ ಸಾರ್. ಈ ವಯಸ್ಸಲ್ಲಿ...”

“ಆಗಲ್ಲ ಸಾರ್. ಆ ಮಗು ಬೇಡ ಬೇಡ ಅಂತಲೇ ಇತ್ತು. ಸ್ವಿಚ್ಚು ಆರಿಸಿದೋನು ನಾನು, ಕೀಲಿ ತಿರುಗಿಸಿದೋನು ನಾನು. ಹಂಗೇ ಬರ್ಕೊಡ್ತೀನಿ.” ಅಂಗಿಯೊಳಗೆ ಕೈಹಾಕಿ, ಜನಿವಾರದ ಗಂಟು ಬಿಚ್ಚಲಾರದೆ ಒದ್ದಾಡಿ, ಕೊನೆಗೆ ಕೀಲಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಹೊರಗೆ ಬಂದು ನನ್ನ ತುಂಬಿದ ಚೀಲವನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. “ಅಷ್ಟೇನಾ ನಮ್ಮ ಮೇಲೆ ನಂಬಿಕೆ ವಿಜಯಮ್ಮ?” ಎಂದು ನಕ್ಕರು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಏಜೆನ್ಸಿ ಹೋಯಿತು. ಬೋರ್ಡು ಇಳಿಸುವ ಮುಂಚೆ ಅವರು ಅರಕಲಗೂಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಶಾಲೆ ಬಿಟ್ಟ ಮೇಲೆ ಮೇಷ್ಟ್ರುಗಳೆಲ್ಲ ಜಗಲಿಯ ಮೇಲೆ ಸೇರಿದ್ದರು. ಕುರ್ಚಿ ಕೊಟ್ಟರೂ ಶಾಂತಿರಾಜಯ್ಯನವರು ಕೂರಲಿಲ್ಲ.

“ಡೈರೀಲಿ ಎಲ್ಲರ ಹಾಲಿನ ಫ್ಯಾಟ್ ನೋಡಿ ಬರ್ಕೊಂಡಾದ ಮೇಲೆ, ಒಬ್ಬ ಹಿಂದಿನಿಂದ ಬಂದು ಕ್ಯಾನಿಂದ ನಾಲ್ಕು ಲೀಟರ್ ಹಾಲು ಮೊಗೆದುಕೊಂಡು ಅಷ್ಟೇ ನೀರು ಹುಯ್ದು ಹೋದ್ರೆ ಏನಾಗುತ್ತೆ? ಕ್ಯಾನ್ ತುಂಬಿದಂಗೇ ಕಾಣುತ್ತೆ. ಹಾಲು ಹಾಕಿದ ನಿಮ್ಮೆಲ್ಲರಿಗೂ ಲುಕ್ಸಾನು. ಅಂಥೋನಿಗೆ ನಾನು ಬಾಗಿಲು ತೆಗೆದುಕೊಟ್ಟೆ. ನಿಮ್ಮ ಬಸ್ಸಿಗೆ ಅಂತ ತೆಗೆದಿಟ್ಟ ಬಾಗಿಲು ಅದು” ಅಂದರು.

ಪುಟ್ಟಸ್ವಾಮಿ ಮೇಷ್ಟ್ರು ಮುಂದೆ ಬಂದು ಇವರ ಕೈ ಹಿಡಿದುಕೊಂಡರು. “ನಮಗೋಸ್ಕರ ತಾನೆ ಸಾ ನಿಲ್ಸಿದ್ದು. ಓಗ್ಲಿ ಬುಡಿ, ನಿಮ್ಮನ್ನ ಯಾರು ಅಂದಾರು?” ಅಂದರು. ಅಷ್ಟಕ್ಕೇ ಮುಗಿದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಹಿಂದೆ ಕಂಬಕ್ಕೊರಗಿ ನಿಂತಿದ್ದ ಮೇಡಮ್ಮೊಬ್ಬರು ಮೆಲ್ಲಗೆ ಕೇಳಿದರು. “ನಾವು ನಿಲ್ಸಿ ಅಂತ ಕೇಳಿರ್ಲಿಲ್ಲವಲ್ಲ ಸಾರ್? ನಾಳೆ ಬೆಲೆಗೆ ತಗೊಳ್ಳಿ ಅಂದಿದ್ರೆ ನಾವು ಬೇಡ ಅಂತಿದ್ವಾ?”

ಶಾಂತಿರಾಜಯ್ಯನವರು ಕೈ ಮುಗಿದು ಮೆಟ್ಟಿಲಿಳಿದರು. ವಾಪಸ್ ಬರುವ ಬಸ್ಸು ಹೊರಟಾಗ ಹಿಂದೆ ಯಾರೋ ಓಡಿಬರುತ್ತಿದ್ದರು. ನಾನು ಅಭ್ಯಾಸದಂತೆ ಇವರ ಕಡೆ ತಿರುಗಿದೆ. ಅವರ ಕೈ ಕಿಟಕಿಯ ತಗಡಿನವರೆಗೂ ಹೋಗಿ ಅಲ್ಲೇ ನಿಂತಿತು. ಬಸ್ಸು ವೇಗ ಹಿಡಿಯಿತು, ಓಡಿಬರುತ್ತಿದ್ದವನು ಧೂಳಿನಲ್ಲಿ ಹಿಂದೆ ಉಳಿದ. ಹಾಸನ ಬರುವವರೆಗೂ ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತು.

ಯಾರ ಪಾಲಿನಿಂದ ಎಷ್ಟು ಹೋಯಿತೆಂದು ಯಾರೂ ಲೆಕ್ಕ ಹಾಕಿಕೊಡಲಿಲ್ಲ. ವೆಂಕಟೇಶ್ ಬೇರೆ ಕಡೆ ಅರ್ಜಿ ಕೊಡತೊಡಗಿದರು. ಅವರಿಗೆ ಏನೂ ಆಗಲಿಲ್ಲ. ಆ ಸಭ್ಯ ಅಧಿಕಾರಿಗೆ ಬಡ್ತಿಯಾಯಿತೆಂದು ಕೇಳಿದೆ. ನೆನೆದರೆ ಈಗಲೂ ಮೈಯುರಿಯುತ್ತದೆ.

ನನಗೆ ಮದುವೆಯಾಯಿತು, ಗಂಡನ ಮನೆ ಚನ್ನರಾಯಪಟ್ಟಣವೇ. ಅಲ್ಲೊಂದು ಸಹಕಾರ ಸಂಘದಲ್ಲಿ ಕೆಲಸ ಸಿಕ್ಕಿತು. ಶಾಂತಿರಾಜಯ್ಯನವರು ಮನೆಯಿಂದ ಹೊರಗೆ ಬರುವುದು ಕಡಿಮೆಯಾಗಿತ್ತು. ಬಸದಿಯಲ್ಲಿ ಒಮ್ಮೊಮ್ಮೆ ಕಾಣುತ್ತಾರೆ, ಯಾರ ಜೊತೆಯೂ ಹೆಚ್ಚು ಮಾತಿಲ್ಲ ಎಂದು ಕೇಳುತ್ತಿದ್ದೆ. ನೋಡಿಕೊಂಡು ಬರಬೇಕು ಅಂದುಕೊಳ್ಳುತ್ತಲೇ ದಿನ ಹೋದವು.

ಕಡೆಯ ಸಲ ನಾವು ಸಿಕ್ಕಿದ್ದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಚಳಿಗಾಲದ ಸಂಜೆ, ಹೊತ್ತು ಬೇಗ ಇಳಿಯುವ ಕಾಲ. ಏನೋ ಕೆಲಸಕ್ಕೆ ಹೋಗಿದ್ದವಳು ಚನ್ನರಾಯಪಟ್ಟಣದ ಬಸ್ಸು ಹೊರಡುವುದನ್ನು ಕಂಡು ಚೀಲ ಎತ್ತಿಕೊಂಡು ಓಡಿದೆ. ಸೀಟಿ ಆಯಿತು, ಬಸ್ಸು ತೆವಳತೊಡಗಿತು. ಕಿಟಕಿಯಲ್ಲಿ ಬಿಳಿ ಅಂಗಿ, ಅಳ್ಳಕವಾದ ಕೆನ್ನೆ. ಅವರು ನನ್ನನ್ನು ಕಂಡರು. ಇನ್ನೇನು ಕೂಗುತ್ತಾರೆ, ತಗಡು ಬಡಿಯುತ್ತಾರೆ ಎಂದು ನಾನು ಓಟ ನಿಧಾನ ಮಾಡಿದೆ. ಅವರು ಕೂಗಲಿಲ್ಲ. ಕಿಟಕಿಯಿಂದ ಮುಖ ಮಾಯವಾಯಿತು. ಬಸ್ಸು ಗೇಟಿನ ಬಳಿ ತಿರುಗುವುದಕ್ಕೆ ನಿಧಾನಿಸಿದಾಗ ಅವರು ಕೈಚೀಲದೊಂದಿಗೆ ಕೆಳಗಿಳಿದರು. ಬಸ್ಸು ಹೋಯಿತು.

ಓಡಿಹೋಗಿ ಅವರ ಕೈ ಹಿಡಿದುಕೊಂಡೆ. “ಯಾಕ್ ಸಾರ್ ಇಳಿದ್ರಿ? ಒಂದು ಕೂಗು ಹಾಕಿದ್ರೆ ನಿಲ್ಸೋನು.”

“ಅದ್ರಲ್ಲಿ ಅಷ್ಟೊಂದು ಜನ ಕೂತಿದ್ರು ಕಣಮ್ಮ. ಅವರನ್ನ ಕೇಳ್ದೆ ಹೆಂಗೆ ನಿಲ್ಸೋದು?” ಅಂದರು. “ನೀನೊಬ್ಬಳೇ ನಿಂತಿರ್ತೀಯ ಅನ್ನಿಸ್ತು. ಇಳ್ದೆ.”

ಮುಂದಿನ ಬಸ್ಸು ಬರುವುದು ತಡವಾಯಿತು. ನನಗೆ ಆಗ ನೆನಪಾಯಿತು. ಬಿಸಿಲು ಆಗಲೇ ಅಂಗಡಿಗಳ ಮಾಳಿಗೆ ಹತ್ತಿತ್ತು.

“ಸಾರ್, ನಿಮ್ಮ ಊಟ?”

ಅವರು ಪಡುವಣದ ಕಡೆ ಒಮ್ಮೆ ನೋಡಿದರು. ಹಳೆಯ ನಗು ಬಂತು. “ಹೋದ್ರೆ ಹೋಯ್ತು ಬಿಡು. ಇದು ನಮ್ಮಪ್ಪನ ಮನೆ ಗಂಟೇ.”

ಶಾಂತಿಗ್ರಾಮ ದಾಟುವಾಗ ಸೂರ್ಯ ಪೂರ್ತಿ ಮುಳುಗಿದ. ಅವರು ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಎರಡನ್ನೂ ನನ್ನ ಮಡಿಲಿಗೆ ಹಾಕಿದರು. “ತಿನ್ನಮ್ಮ, ನಿಂಗೇನು ಹೊತ್ತಿನ ಕಟ್ಟುಪಾಡು” ಅಂದರು. ಒಂದನ್ನು ಸುಲಿದೆ. ತಿನ್ನುವ ಮನಸ್ಸಿರಲಿಲ್ಲ, ಆದರೂ ಅವರು ನೋಡುತ್ತಿದ್ದರೆಂದು ತಿಂದೆ. ಊರಿನವರೆಗೂ ಅಪ್ಪನ ಆರೋಗ್ಯ, ಅಮ್ಮನ ಮಂಡಿನೋವು ಎಲ್ಲ ವಿಚಾರಿಸಿದರು.

ಆ ಬೇಸಿಗೆಯಲ್ಲಿ ಅವರು ಹೋದರು. ನಾನು ತವರಿನಲ್ಲಿದ್ದೆ, ತಿಳಿದದ್ದು ತಡವಾಗಿ, ಮುಖ ನೋಡಲಾಗಲಿಲ್ಲ.

ಈಗಲೂ ನಾನು ಬಸ್ಸಿನಲ್ಲಿ ಓಡಾಡುತ್ತೇನೆ. ಹೊರಡುವ ಹೊತ್ತಿಗೆ ಯಾರಾದರೂ ಓಡಿಬರುವುದು ಕಂಡರೆ ಇರಪ್ಪಾ ಎಂದು ಕೂಗಬೇಕು ಅನ್ನಿಸುತ್ತದೆ, ಸುತ್ತ ಕೂತವರ ಮುಖ ನೋಡಿ ಸುಮ್ಮನಾಗುತ್ತೇನೆ. ಎದ್ದು ಇಳಿದುಬಿಡೋಣ ಎಂದೂ ಅನ್ನಿಸುತ್ತದೆ. ಇವತ್ತಿನವರೆಗೂ ನಾನು ಇಳಿದಿಲ್ಲ.